ಕಂಪನಿಗಳ ಹಣದಲ್ಲಿ ಕಾಡು, ಕಾಂಡ್ಲಾ ಮತ್ತು ದಡದ ಜನ: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪನಿಗಳ ಹಣದಿಂದ ಕಾಡು, ಅದರಲ್ಲೂ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಬೆಳೆಸುವ ಕೆಲಸ ಇಂದು ಪ್ರಪಂಚದ ಹಲವು ಕರಾವಳಿಗಳಲ್ಲಿ ನಡೆಯುತ್ತಿದೆ. ಅದರ ಬೆನ್ನಿಗೇ ಪ್ರಶ್ನೆಗಳೂ ಬರುತ್ತಿವೆ. ಹಣ ಹೂಡುವ ಕಂಪನಿಯ ಸಿಬ್ಬಂದಿ ಕೇಳುತ್ತಾರೆ, ಸಸಿ ನೆಡಲು ಬರುವ ಸ್ವಯಂಸೇವಕರು ಕೇಳುತ್ತಾರೆ, ಆ ದಡದಲ್ಲೇ ಬಾಳುವ ಮೀನುಗಾರರು ಎಲ್ಲರಿಗಿಂತ ಹೆಚ್ಚು ಕೇಳುತ್ತಾರೆ. ಇಲ್ಲಿನ ಉತ್ತರಗಳ ಹಿಂದೆ ಒಂದು ನಿಲುವಿದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ನೆಟ್ಟ ಸಸಿಗಳ ಸಂಖ್ಯೆಯಿಂದ ಕಾಡನ್ನು ಅಳೆಯಲಾಗದು, ಮತ್ತು ಆ ನೆಲದ ಮೇಲೆ ಯಾರಿಗೆ ಹಕ್ಕಿದೆ ಎಂಬುದು ಇತ್ಯರ್ಥವಾಗದೆ ಯಾವ ಕಾಡೂ ಉಳಿಯುವುದಿಲ್ಲ.

ಕಾಂಡ್ಲಾ ಕಾಡು ಬೇರೆ ಕಾಡಿಗಿಂತ ಹೇಗೆ ಭಿನ್ನ?

ಸಮುದ್ರದ ಉಪ್ಪುನೀರು ದಿನವೂ ಬಂದು ಹೋಗುವ ಕೆಸರಿನಲ್ಲಿ ಬೆಳೆಯಬಲ್ಲ ಮರಗಳ ಕಾಡು ಇದು. ಆ ಕೆಸರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಆದ್ದರಿಂದ ಈ ಮರಗಳು ಬೇರುಗಳನ್ನು ನೆಲದಿಂದ ಮೇಲೆತ್ತಿ ಉಸಿರಾಡುತ್ತವೆ: ಅವಿಸೆನಿಯಾ ಜಾತಿಗೆ ಪೆನ್ಸಿಲಿನಂತೆ ಮೇಲೆದ್ದ ಉಸಿರುಬೇರು, ರೈಜೋಫೊರಾ ಜಾತಿಗೆ ಕಮಾನಿನಂತೆ ಬಾಗಿದ ಊರುಬೇರು. ಉಬ್ಬರದ ನೀರು ಹೆಚ್ಚು ಹೊತ್ತು ನಿಂತರೆ ಈ ಬೇರುಗಳು ಮುಳುಗಿ ಮರ ಉಸಿರುಗಟ್ಟುತ್ತದೆ, ನೀರೇ ಬಾರದಿದ್ದರೆ ಒಣಗುತ್ತದೆ. ಹಾಗಾಗಿ ಸರಾಸರಿ ಸಮುದ್ರಮಟ್ಟಕ್ಕೂ ಅತಿ ದೊಡ್ಡ ಉಬ್ಬರದ ಗೆರೆಗೂ ನಡುವಿನ ಕಿರಿದಾದ ಪಟ್ಟಿಯಲ್ಲಷ್ಟೇ ಅವು ನೆಲೆಯೂರುತ್ತವೆ. ಮುಂದೆ ಬರುವ ಅರ್ಧದಷ್ಟು ಉತ್ತರಗಳು ಈ ಒಂದು ಸಂಗತಿಯ ಮೇಲೆ ನಿಂತಿವೆ.

ಪ್ರಪಂಚದಲ್ಲಿ ಈಗ ಉಳಿದಿರುವುದು ಸುಮಾರು 1,47,000 ಚದರ ಕಿಲೋಮೀಟರ್ ಕಾಂಡ್ಲಾ. ಅದರಲ್ಲಿ ಐದನೇ ಒಂದು ಭಾಗ ಇಂಡೋನೇಷ್ಯಾ ಒಂದರಲ್ಲೇ ಇದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2024ರಲ್ಲಿ ನಡೆಸಿದ ಮೌಲ್ಯಮಾಪನದ ಪ್ರಕಾರ, ಪ್ರಪಂಚದ ಕಾಂಡ್ಲಾ ಪರಿಸರ ವ್ಯವಸ್ಥೆಗಳಲ್ಲಿ ಅರ್ಧದಷ್ಟು 2050ರ ವೇಳೆಗೆ ಕುಸಿಯುವ ಅಪಾಯದಲ್ಲಿವೆ.

ಕಂಪನಿಗಳಿಗೆ ಇದರಲ್ಲಿ ಇಷ್ಟು ಆಸಕ್ತಿ ಏಕೆ?

ಮುಖ್ಯ ಕಾರಣ ಕಾರ್ಬನ್, ಅಂದರೆ ಇಂಗಾಲ: ಕಾಡು ಹಿಡಿದಿಟ್ಟ ಕಾರ್ಬನ್‌ನ ಲೆಕ್ಕದ ಮೇಲೆ ಮಾರಬಹುದಾದ 'ಕ್ರೆಡಿಟ್' ಸಿಗುತ್ತದೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ವಲಯದ ಕಾಂಡ್ಲಾ ಕಾಡುಗಳ ಬಗ್ಗೆ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೆಕ್ಟೇರಿಗೆ ಸರಾಸರಿ 1,023 ಟನ್ ಕಾರ್ಬನ್ ಇದೆ ಎಂದು ಕಂಡುಕೊಂಡಿತು. ಉಷ್ಣವಲಯದ ಒಣನೆಲದ ಕಾಡುಗಳಲ್ಲಿ ಸಾಮಾನ್ಯವಾಗಿ ಸಿಗುವ ಪ್ರಮಾಣಕ್ಕಿಂತ ಇದು ಬಹಳ ಹೆಚ್ಚು. ಈ ಕಾರ್ಬನ್‌ನ ಬಹುಪಾಲು ಇರುವುದು ಮರದಲ್ಲಿ ಅಲ್ಲ, ಕೆಳಗಿನ ಕೆಸರಿನಲ್ಲಿ. ಆಮ್ಲಜನಕವಿಲ್ಲದ ಕಾರಣ ಉದುರಿದ ಎಲೆ, ಸತ್ತ ಬೇರು ಪೂರ್ತಿ ಕೊಳೆಯದೆ ಶತಮಾನಗಳ ಕಾಲ ಅಲ್ಲೇ ಪದರಪದರವಾಗಿ ಕೂಡುತ್ತವೆ.

ಎರಡನೆಯದು ರಕ್ಷಣೆ. ಅರ್ಧ ಕಿಲೋಮೀಟರ್ ಅಗಲದ ದಟ್ಟ ಕಾಂಡ್ಲಾ ಪಟ್ಟಿ ಅಲೆಯ ಎತ್ತರವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಬಲ್ಲದು. ಮೂರನೆಯದು ಹೆಸರು. ಹಸಿರು ಕೆಲಸಕ್ಕೆ ಗ್ರಾಹಕರಲ್ಲೂ ಹೂಡಿಕೆದಾರರಲ್ಲೂ ಬೆಲೆಯಿದೆ. ಹೆಸರಿನ ಆಸೆ ತಪ್ಪೇನೂ ಅಲ್ಲ. ಆದರೆ ಹೆಸರಿಗೆ ಬೇಕಾದ ವೇಗ ಒಂದು, ಕಾಡಿಗೆ ಬೇಕಾದ ವೇಗ ಇನ್ನೊಂದು. ಯೋಜನೆಗಳು ಹಾದಿ ತಪ್ಪುವುದು ಬಹುತೇಕ ಇಲ್ಲಿಯೇ.

ಲಕ್ಷಗಟ್ಟಲೆ ಸಸಿ ನೆಟ್ಟರೂ ಕಾಡು ಏಕೆ ಬರುವುದಿಲ್ಲ?

ಇದು ಅತ್ಯಂತ ಮುಖ್ಯ ಪ್ರಶ್ನೆ, ಉತ್ತರವೂ ನೋವಿನದು. 2004ರ ಸುನಾಮಿಯ ನಂತರ ಶ್ರೀಲಂಕಾದ ಕರಾವಳಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಂಡ್ಲಾ ನೆಡಲಾಯಿತು. ಅಲ್ಲಿನ 23 ಸ್ಥಳಗಳನ್ನು ಪರಿಶೀಲಿಸಿದ ಸಂಶೋಧಕರು 2017ರಲ್ಲಿ ವರದಿ ಪ್ರಕಟಿಸಿದರು. ನೆಟ್ಟದ್ದು ಸಾವಿರದಿಂದ 1,200 ಹೆಕ್ಟೇರ್, ಯಶಸ್ವಿಯಾದದ್ದು 200ರಿಂದ 220 ಹೆಕ್ಟೇರ್. ಒಂಬತ್ತು ಸ್ಥಳಗಳಲ್ಲಿ ಒಂದು ಗಿಡವೂ ಉಳಿದಿರಲಿಲ್ಲ. ಫಿಲಿಪ್ಪೀನ್ಸ್‌ನ ಮಧ್ಯ ವಿಸಾಯಸ್ ಪ್ರದೇಶದಲ್ಲಿ ವಿಶ್ವಬ್ಯಾಂಕ್ ಸಾಲದಿಂದ 1984ರಿಂದ 1992ರವರೆಗೆ ನೆಟ್ಟ ಸುಮಾರು 29 ಲಕ್ಷ ಸಸಿಗಳಲ್ಲಿ ಕೆಲವೇ ವರ್ಷಗಳ ನಂತರ ಬದುಕಿದ್ದುದು ಶೇಕಡಾ 18.4 ಮಾತ್ರ.

ಸಸಿಗಳಲ್ಲಿ ದೋಷವಿರಲಿಲ್ಲ. ಅವುಗಳನ್ನು ನೆಟ್ಟ ಜಾಗ ತಪ್ಪಾಗಿತ್ತು, ಆರಿಸಿದ ಜಾತಿಯೂ ತಪ್ಪಾಗಿತ್ತು. ಫಿಲಿಪ್ಪೀನ್ಸ್‌ನಲ್ಲಿ ಸಮುದ್ರಕ್ಕೆ ಮುಖಮಾಡಿ, ಅಲೆಯ ಹೊಡೆತ ತಾಳಿ ನಿಲ್ಲುವ ಜಾತಿಗಳು ಅವಿಸೆನಿಯಾ ಮತ್ತು ಸೊನರೇಷಿಯಾ. ರೈಜೋಫೊರಾಕ್ಕೆ ಅವುಗಳ ಹಿಂದಿನ ಜಾಗ ಬೇಕು. ಆದರೂ ನೆಡುವವರು ರೈಜೋಫೊರಾವನ್ನೇ ಆರಿಸಿಕೊಂಡರು. ಅದರ ಬೀಜ ತಾಯಿಮರದ ಮೇಲಿರುವಾಗಲೇ ಮೊಳೆತು ಗೇಣುದ್ದದ ಕೋಲಿನಂತಾಗುತ್ತದೆ. ಆಯ್ದು ತಂದು ಕೆಸರಿಗೆ ಚುಚ್ಚಿದರೆ ಮುಗಿಯಿತು, ನರ್ಸರಿಯೂ ಬೇಡ. ಒಂದೇ ದಿನದಲ್ಲಿ ಸಾವಿರಾರು ನೆಡಬಹುದು, ಸಾಲಾಗಿ ನಿಂತ ಚಿತ್ರವೂ ಚೆನ್ನಾಗಿ ಬರುತ್ತದೆ.

ಇನ್ನು ಜಾಗದ ವಿಷಯ. ಕಾಂಡ್ಲಾ ಹಿಂದೆ ಇದ್ದ ಜಾಗಗಳಲ್ಲಿ ಈಗ ಸಿಗಡಿ ಕೊಳಗಳಿವೆ, ಉಪ್ಪಿನ ಆಗರಗಳಿವೆ, ಮನೆಗಳಿವೆ. ಅಲ್ಲಿಗೆ ಹೋದರೆ ಮಾಲೀಕರೊಂದಿಗೆ, ಗುತ್ತಿಗೆದಾರರೊಂದಿಗೆ, ಇಲಾಖೆಗಳೊಂದಿಗೆ ಮಾತುಕತೆಗೆ ಕೂರಬೇಕು. ಅದಕ್ಕೆ ವರ್ಷಗಳು ಬೇಕು. ಕೆಳಗಿನ ಕೆಸರುಬಯಲಿಗೆ ಇಂಥ ಒಡೆಯರಿಲ್ಲ, ತಕರಾರು ಇಲ್ಲ. ಯೋಜನೆ ಅಲ್ಲಿಗಿಳಿಯುತ್ತದೆ. ಉಬ್ಬರದ ನೀರು ದಿನದ ಬಹುಪಾಲು ನಿಂತಿರುವ ಆ ಕೆಸರಿನಲ್ಲಿ ಕಾಂಡ್ಲಾ ಎಂದೂ ಇರಲಿಲ್ಲ, ಇರಲಾರದು. ಸಸಿ ಸಾಯುವುದಕ್ಕೆ ತಕ್ಷಣದ ಕಾರಣ ನೀರು. ಅದರ ಹಿಂದಿನ ಕಾರಣ ಭೂಮಿಯ ಪ್ರಶ್ನೆಯನ್ನು ಎದುರಿಸದೆ ಪಕ್ಕಕ್ಕೆ ಸರಿದದ್ದು.

ಹಾಗಾದರೆ ನೆಡುವುದೇ ಬೇಡವೇ?

ಎಷ್ಟೋ ಕಡೆ ಬೇಡ. ಅಮೆರಿಕದ ಪರಿಸರ ವಿಜ್ಞಾನಿ ರಾಬಿನ್ ಲೂಯಿಸ್ ದಶಕಗಳ ಕಾಲ ಹೇಳುತ್ತ ಬಂದದ್ದು ಇದನ್ನೇ: ಮೊದಲು ಕಾಂಡ್ಲಾ ತಾನಾಗಿ ಏಕೆ ಮರಳುತ್ತಿಲ್ಲ ಎಂದು ಕೇಳಿ. ಬಹಳ ಸಲ ಉತ್ತರ ನೀರಿನ ದಾರಿಯಲ್ಲಿರುತ್ತದೆ. ಒಡ್ಡು ಕಟ್ಟಿ ಉಬ್ಬರವನ್ನು ತಡೆದಿರುತ್ತಾರೆ, ರಸ್ತೆ ಹಾಕುವಾಗ ಕೋಡಿ ಮುಚ್ಚಿಹೋಗಿರುತ್ತದೆ, ಹೂಳು ಸುರಿದು ನೆಲ ಎತ್ತರವಾಗಿರುತ್ತದೆ. ಆ ತಡೆಯನ್ನು ತೆಗೆದರೆ ಉಬ್ಬರದ ನೀರು ಹತ್ತಿರದ ಕಾಡಿನಿಂದ ಬೀಜವನ್ನು ತಾನೇ ಹೊತ್ತು ತರುತ್ತದೆ. ಫ್ಲೋರಿಡಾದ ವೆಸ್ಟ್ ಲೇಕ್‌ನಲ್ಲಿ ಸುಮಾರು 500 ಹೆಕ್ಟೇರ್ ಕಾಂಡ್ಲಾ ಮರಳಿದ್ದು ಹೀಗೆಯೇ. ಸುರಿದಿದ್ದ ಮಣ್ಣನ್ನು ತೆಗೆದು ನೆಲವನ್ನು ಸರಿಯಾದ ಮಟ್ಟಕ್ಕೆ ತಂದರು, ಉಬ್ಬರದ ಕಾಲುವೆಗಳನ್ನು ತೋಡಿದರು, ಉಳಿದದ್ದನ್ನು ಸಮುದ್ರ ನೋಡಿಕೊಂಡಿತು. ಇಂಡೋನೇಷ್ಯಾದ ದಕ್ಷಿಣ ಸುಲವೇಸಿಯ ತನಕೆಕೆ ದ್ವೀಪದಲ್ಲಿ ಹಳ್ಳಿಗರೇ ಪಾಳುಬಿದ್ದ ಮೀನುಕೊಳಗಳ ಒಡ್ಡುಗಳನ್ನು ಒಡೆದು ನೀರಿಗೆ ದಾರಿ ಬಿಟ್ಟರು.

ಬೀಜ ಕೊಡುವ ತಾಯಿಮರಗಳೇ ಸುತ್ತಮುತ್ತ ಇಲ್ಲದಿದ್ದರೆ, ಅಥವಾ ಅಳಿವಿನಂಚಿನ ಜಾತಿಯೊಂದನ್ನು ಮರಳಿ ತರಬೇಕಿದ್ದರೆ ನೆಡಲೇಬೇಕು. ಆಗಲೂ ನೀರಿನ ಮಟ್ಟವನ್ನು ಅಳೆದ ಮೇಲೆ, ಹತ್ತಿರದ ಆರೋಗ್ಯವಂತ ಕಾಡಿನಲ್ಲಿ ಯಾವ ಜಾತಿ ಯಾವ ಎತ್ತರದಲ್ಲಿ ನಿಂತಿದೆ ಎಂದು ನೋಡಿಕೊಂಡ ಮೇಲೆ.

ಒಡ್ಡು ಒಡೆಯುವ ಕೆಲಸಕ್ಕೆ ಹಣ ಕೊಡಲು ಕಂಪನಿಗಳು ಹಿಂಜರಿಯುತ್ತವೆ, ಏಕೆಂದರೆ 'ಇಷ್ಟು ಸಸಿ ನೆಟ್ಟೆವು' ಎಂಬ ಸಂಖ್ಯೆ ಅದರಲ್ಲಿ ಇಲ್ಲ. ವಾರ್ಷಿಕ ವರದಿಯಲ್ಲಿ ಆ ಅಂಕಣದ ಹೆಸರನ್ನು ಬದಲಿಸಿ 'ಐದು ವರ್ಷದ ನಂತರ ಜೀವಂತವಿರುವ ಕಾಡು, ಹೆಕ್ಟೇರುಗಳಲ್ಲಿ' ಎಂದು ಬರೆಯುವ ಧೈರ್ಯ ಮಾಡಿದ ದಿನ ಅರ್ಧ ಸಮಸ್ಯೆ ಬಗೆಹರಿಯುತ್ತದೆ ಎಂದು ನಾನು ನಂಬಿದ್ದೇನೆ.

ನಮ್ಮ ಸಿಬ್ಬಂದಿ ಒಂದು ದಿನ ಬಂದು ಸಸಿ ನೆಡಬಹುದೇ?

ಬರಬಹುದು, ಕಲಿಯಲು. ಕೆಸರಿನಲ್ಲಿ ನೂರಾರು ಜನ ಓಡಾಡಿದರೆ ನೆಲ ಗಟ್ಟಿಯಾಗುತ್ತದೆ, ತಾನಾಗಿ ಮೊಳೆತ ಎಳೆಸಸಿಗಳು ಕಾಲಡಿಗೆ ಸಿಕ್ಕಿ ಸಾಯುತ್ತವೆ. ನೆಡುವ ದಿನವನ್ನು ನಿರ್ಧರಿಸಬೇಕಾದದ್ದು ಬೀಜ ಹಣ್ಣಾಗುವ ಕಾಲ ಮತ್ತು ಉಬ್ಬರದ ಲೆಕ್ಕ, ಕಚೇರಿಯ ರಜೆಯ ಪಟ್ಟಿ ಅಲ್ಲ. ಸಿಬ್ಬಂದಿಗೆ ಹೆಚ್ಚು ಉಪಯುಕ್ತವಾದ ಕೆಲಸಗಳಿವೆ: ಸಮುದಾಯ ಸಂಘದ ಲೆಕ್ಕಪತ್ರ ವ್ಯವಸ್ಥೆ ಕಟ್ಟಿಕೊಡುವುದು, ನಕ್ಷೆ ತಯಾರಿಸಲು ನೆರವಾಗುವುದು, ಕಾನೂನು ಸಲಹೆ ನೀಡುವುದು.

ಎಲ್ಲಿ ನೆಡಲೇಬಾರದು?

ಸಮುದ್ರಹುಲ್ಲಿನ ಹಾಸುಗಳ ಮೇಲೆ ನೆಡಬಾರದು, ಅವು ಸ್ವತಃ ಕಾರ್ಬನ್ ಕಣಜಗಳು, ಮೀನುಮರಿಗಳ ತಾಣಗಳು. ವಲಸೆ ಹಕ್ಕಿಗಳು ಮೇಯುವ ಬಯಲು ಕೆಸರಿನ ಮೇಲೂ ಬೇಡ. ಕಾಂಡ್ಲಾ ಎಂದೂ ಇರದ ಮರಳು ದಂಡೆಯ ಮೇಲೂ ಬೇಡ. ಒಣನೆಲದಲ್ಲಾದರೆ ಹುಲ್ಲುಗಾವಲುಗಳು. ನಕ್ಷೆಯಲ್ಲಿ ಅವು 'ಖಾಲಿ ಜಾಗ' ಎಂದು ಕಾಣುತ್ತವೆ. ಅಲ್ಲಿ ಮೇಯಿಸುವವರಿಗೂ ಅಲ್ಲಿನ ಪ್ರಾಣಿಪಕ್ಷಿಗಳಿಗೂ ಅದು ತುಂಬಿದ ಜಾಗ.

ಇರುವ ಕಾಡನ್ನು ಉಳಿಸುವುದು ಮೇಲೋ, ಹೊಸದನ್ನು ಬೆಳೆಸುವುದು ಮೇಲೋ?

ಉಳಿಸುವುದು. ಕಡಿದು ಕೊಳ ತೋಡಿದ ದಿನದಿಂದಲೇ ಕೆಸರಿನ ಹಳೆಯ ಕಾರ್ಬನ್ ಗಾಳಿಗೆ ಸೇರತೊಡಗುತ್ತದೆ. ಅದನ್ನು ಮತ್ತೆ ಕೂಡಿಡಲು ಹೊಸ ಕಾಡಿಗೆ ತಲೆಮಾರುಗಳು ಬೇಕು.

ಸಮುದಾಯದ ಒಪ್ಪಿಗೆ ಎಂದರೆ ನಿಖರವಾಗಿ ಏನು?

2007ರ ವಿಶ್ವಸಂಸ್ಥೆಯ ಮೂಲನಿವಾಸಿ ಜನರ ಹಕ್ಕುಗಳ ಘೋಷಣೆಯಲ್ಲಿ ಇದರ ಸ್ವರೂಪವಿದೆ: ಒಪ್ಪಿಗೆ ಸ್ವತಂತ್ರವಾಗಿರಬೇಕು, ಕೆಲಸ ಆರಂಭವಾಗುವ ಮುಂಚೆ ಪಡೆದಿರಬೇಕು, ವಿಷಯವನ್ನು ಪೂರ್ತಿ ತಿಳಿಸಿದ ಮೇಲೆ ಬಂದಿರಬೇಕು. ಘೋಷಣೆ ಮೂಲನಿವಾಸಿಗಳ ಬಗ್ಗೆ ಮಾತನಾಡುತ್ತದೆ. ಆದರೆ ಅಳಿವೆಯನ್ನೇ ನಂಬಿದ ಯಾವ ಮೀನುಗಾರ ಹಳ್ಳಿಗೂ ಇದಕ್ಕಿಂತ ಕಡಿಮೆ ಗೌರವ ಸಲ್ಲಬಾರದು.

ಆಚರಣೆಯಲ್ಲಿ ಇದರ ಅರ್ಥ ಹೀಗೆ. ಬಲೂನು ಕಟ್ಟಿದ ಸಭೆಯೊಂದರಲ್ಲಿ ಹಾಜರಿ ಪುಸ್ತಕಕ್ಕೆ ಹಾಕಿಸಿಕೊಂಡ ಸಹಿ ಒಪ್ಪಿಗೆಯಾಗದು. ಜನ ತಮ್ಮೊಳಗೆ, ಯೋಜನೆಯವರು ಇಲ್ಲದಿರುವಾಗ ಚರ್ಚಿಸಲು ಸಮಯ ಸಿಗಬೇಕು. ಒಪ್ಪಂದದ ಕರಡು ಅವರ ಭಾಷೆಯಲ್ಲಿ ಅವರ ಕೈಯಲ್ಲಿರಬೇಕು. ಬೇಡ ಎಂದರೆ ಕಂಪನಿ ಹಿಂದೆ ಸರಿಯುತ್ತದೆ ಎಂಬ ಭರವಸೆ ಇರಬೇಕು. 'ಇಲ್ಲ' ಎನ್ನಲು ಅವಕಾಶವಿಲ್ಲದ ಕಡೆ 'ಹೌದು' ಎಂಬುದಕ್ಕೆ ತೂಕವಿಲ್ಲ. ಒಪ್ಪಿಗೆ ಒಂದು ಸಲಕ್ಕೆ ಮುಗಿಯುವುದೂ ಇಲ್ಲ: ಗಡಿ ಬದಲಾದಾಗ, ಕ್ರೆಡಿಟ್ ಕೊಳ್ಳುವವರು ಬದಲಾದಾಗ ಮತ್ತೆ ಕೇಳಬೇಕು.

ಯಾರನ್ನು ಕೇಳಿದಿರಿ ಎಂಬುದೂ ಅಷ್ಟೇ ಮುಖ್ಯ. ದೋಣಿ ಇರುವವರು ಸಭೆಗೆ ಬರುತ್ತಾರೆ, ಮುಖಂಡರೂ ಬರುತ್ತಾರೆ. ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ಕೆಸರಿಗಿಳಿದು ಕಪ್ಪೆಚಿಪ್ಪು ಆಯುವ ಹೆಂಗಸರು ಬರುವುದಿಲ್ಲ, ಏಕೆಂದರೆ ಸಭೆ ಇಟ್ಟದ್ದೇ ಇಳಿತದ ಹೊತ್ತಿಗೆ. ಯೋಜನೆಯ ಗಡಿಯೊಳಗೆ ಬೀಳುವುದು ಹೆಚ್ಚಾಗಿ ಆ ಹೆಂಗಸರ ಜಾಗವೇ. ಹಲವು ಊರುಗಳಲ್ಲಿ ಅವರ ಹೆಸರಿನಲ್ಲಿ ಯಾವ ಪತ್ರವೂ ಇರುವುದಿಲ್ಲ, ಯಾವ ಪಟ್ಟಿಯಲ್ಲೂ ಅವರು ಬಳಕೆದಾರರೆಂದು ದಾಖಲಾಗಿರುವುದಿಲ್ಲ. ಅವರನ್ನು ಹುಡುಕಿಕೊಂಡು, ಅವರ ಬಿಡುವು ನೋಡಿಕೊಂಡು ಹೋಗುವುದು ಯೋಜನೆಯವರ ಕರ್ತವ್ಯ.

ಜಾಗ ಸರ್ಕಾರದ್ದಾದರೆ ಸಮುದಾಯಕ್ಕೆ ಯಾವ ಹಕ್ಕು?

ಪ್ರಪಂಚದ ಬಹುಪಾಲು ಕಾಂಡ್ಲಾ ಸರ್ಕಾರಿ ನೆಲದಲ್ಲಿದೆ. ಅದರಿಂದ ಮಾತುಕತೆ ಸರ್ಕಾರ ಮತ್ತು ಕಂಪನಿಯ ನಡುವೆಯೇ ಮುಗಿದುಹೋಗುವ ಅಪಾಯವಿದೆ. ಆದರೆ ಒಡೆತನ ಕೊಡದೆಯೂ ಹಕ್ಕು ಕೊಡುವ ದಾರಿಗಳಿವೆ. ಈಕ್ವೆಡಾರ್ 2000ದ ಸುಮಾರಿನಿಂದ ಏಡಿ ಹಿಡಿಯುವವರ ಮತ್ತು ಮೀನುಗಾರರ ಸಂಘಗಳಿಗೆ ಹತ್ತು ವರ್ಷಗಳ ಕಾವಲು ಒಪ್ಪಂದಗಳನ್ನು ನೀಡುತ್ತಿದೆ. ನಿರ್ದಿಷ್ಟ ಕಾಂಡ್ಲಾ ಪ್ರದೇಶದಲ್ಲಿ ಏಡಿ, ಚಿಪ್ಪು, ಮೀನು ಹಿಡಿಯುವ ಹಕ್ಕು ಆ ಸಂಘದ್ದು, ಅದನ್ನು ಕಾಯುವ ಹೊಣೆಯೂ ಅದರದ್ದೇ. ಸಿಗಡಿ ಕೊಳಗಳು ಕಾಂಡ್ಲಾವನ್ನು ನುಂಗುತ್ತಿದ್ದ ದೇಶದಲ್ಲಿ ಇದು ದೊಡ್ಡ ಹೆಜ್ಜೆ. ಕೆನ್ಯಾದಲ್ಲಿ ಸಮುದಾಯ ಅರಣ್ಯ ಸಂಘಗಳು ಅರಣ್ಯ ಇಲಾಖೆಯೊಂದಿಗೆ ಸಹನಿರ್ವಹಣೆಯ ಒಪ್ಪಂದ ಮಾಡಿಕೊಳ್ಳಬಹುದು.

ಕಂಪನಿಗೆ ನನ್ನ ಸಲಹೆ ಇಷ್ಟೇ: ಇಂಥ ಒಪ್ಪಂದ ಇಲ್ಲದ ಕಡೆ ಮೊದಲ ವರ್ಷದ ಹಣವನ್ನು ಸಸಿಗೆ ಹಾಕಬೇಡಿ. ಸಮುದಾಯ ಬಯಸಿದರೆ ಆ ಒಪ್ಪಂದವನ್ನು ಪಡೆಯಲು ಅದಕ್ಕೆ ಬೇಕಾಗುವ ನಕ್ಷೆ, ವಕೀಲರು, ಓಡಾಟದ ಖರ್ಚಿಗೆ ಹಾಕಿ.

ಕಾಡು ಬಂದರೆ ಜನ ಏನನ್ನಾದರೂ ಕಳೆದುಕೊಳ್ಳುತ್ತಾರೆಯೇ?

ಕಳೆದುಕೊಳ್ಳಬಹುದು, ಅದನ್ನು ಮುಚ್ಚಿಡಬಾರದು. ಕಂಬಕ್ಕೆ ಮರ, ಒಲೆಗೆ ಸೌದೆ, ಸುಣ್ಣ ಸುಡಲು ಕಟ್ಟಿಗೆ ಅದೇ ಕಾಡಿನಿಂದ ಬರುತ್ತಿದ್ದರೆ, ಕಡಿತ ನಿಂತ ದಿನ ಮನೆಯ ಖರ್ಚು ಏರುತ್ತದೆ. ಪರ್ಯಾಯ ಇಲ್ಲದಿದ್ದರೆ ಜನ ಪಕ್ಕದ ಕಾಡಿಗೆ ಹೋಗಲೇಬೇಕಾಗುತ್ತದೆ. ಆಗ ಈ ಕಡೆ ಉಳಿದದ್ದು ಆ ಕಡೆ ಕಳೆದಂತಾಗುತ್ತದೆ. ಕೆನ್ಯಾದ ಗಾಜಿ ಕೊಲ್ಲಿಯ ಮಿಕೊಕೊ ಪಮೋಜ ಯೋಜನೆ ಇದನ್ನು ಮೊದಲೇ ಯೋಚಿಸಿತು. ಕಾಂಡ್ಲಾದ ಜೊತೆಗೇ ಒಣನೆಲದಲ್ಲಿ ಬೇಗ ಬೆಳೆಯುವ ಗಾಳಿಮರದ ತೋಪುಗಳನ್ನು ಬೆಳೆಸಿತು, ಸೌದೆ ಮತ್ತು ಕಂಬಕ್ಕಾಗಿ.

ಸೆನೆಗಲ್ ಇನ್ನೊಂದು ಪಾಠ. ಕಾಸಮಾನ್ಸ್ ಮತ್ತು ಸೈನ್-ಸಲೂಮ್ ಅಳಿವೆಗಳಲ್ಲಿ ಓಷಿಯಾನಿಯಂ ಎಂಬ ಸಂಸ್ಥೆ, ಡ್ಯಾನೋನ್ ಮೊದಲಾದ ಕಂಪನಿಗಳ ಲೈವ್ಲಿಹುಡ್ಸ್ ನಿಧಿಯ ಬೆಂಬಲದಿಂದ, ನೂರಾರು ಹಳ್ಳಿಗಳ ಜನರೊಡನೆ ಸುಮಾರು 8 ಕೋಟಿ ಸಸಿಗಳನ್ನು ನೆಟ್ಟಿತು. ಕಾರ್ಬನ್ ಕ್ರೆಡಿಟ್ ಹೂಡಿದ ಕಂಪನಿಗಳಿಗೆ, ಮರಳಿ ಬರುವ ಮೀನು ಮತ್ತು ಸಿಂಪಿ ಹಳ್ಳಿಗಳಿಗೆ ಎಂಬುದು ಏರ್ಪಾಡು. ಅಷ್ಟು ಜನ ಕೆಸರಿಗಿಳಿದು ದುಡಿದದ್ದು ನಿಜಕ್ಕೂ ದೊಡ್ಡ ಸಂಗತಿ. ಆದರೆ ಒಂದೇ ಜಾತಿಯ ರೈಜೋಫೊರಾ ನೆಟ್ಟದ್ದನ್ನು, ಕಾರ್ಬನ್ ಒಪ್ಪಂದದ ಸ್ವರೂಪ ಹಳ್ಳಿಗಳಿಗೆ ಎಷ್ಟು ತಿಳಿದಿತ್ತು ಎಂಬುದನ್ನು ಸಂಶೋಧಕರು ಪ್ರಶ್ನಿಸಿದ್ದಾರೆ. ಮೀನು ಹೆಚ್ಚಿದರೆ ಅದೇ ಲಾಭ ಎಂಬ ವಾದ ನನಗೆ ಸಾಲದೆನಿಸುತ್ತದೆ. ಕಾರ್ಬನ್‌ಗೆ ಬೆಲೆ ಬಂದಾಗ ಅದರಲ್ಲಿ ನೇರ ಪಾಲು ಇರಲೇಬೇಕು.

ಹಣ ಯಾರ ಕೈಗೆ ಹೋಗಬೇಕು? ಯಾರು ನಿರ್ಧರಿಸಬೇಕು?

ಮತ್ತೆ ಗಾಜಿ ಕೊಲ್ಲಿಗೆ ಹೋಗೋಣ, ಏಕೆಂದರೆ ಅದು ಪುಟ್ಟದು ಮತ್ತು ಸ್ಪಷ್ಟವಾದದ್ದು. 117 ಹೆಕ್ಟೇರ್ ಕಾಂಡ್ಲಾ, ವರ್ಷಕ್ಕೆ ಸುಮಾರು 3,000 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಕ್ರೆಡಿಟ್. 2013ರಲ್ಲಿ ಆರಂಭವಾದ ಈ ಯೋಜನೆ ಕಾಂಡ್ಲಾ ಕಾರ್ಬನ್ ಮಾರಿ ಹಳ್ಳಿಗೆ ಆದಾಯ ತಂದ ಮೊದಲಿಗರಲ್ಲೊಂದು. ಪ್ಲಾನ್ ವಿವೊ ಎಂಬ ಮಾನದಂಡದಡಿ ಅದಕ್ಕೆ ಪ್ರಮಾಣಪತ್ರ ಸಿಕ್ಕಿದೆ. ಗಾಜಿ ಮತ್ತು ಮಕೊಂಗೆನಿ ಹಳ್ಳಿಗಳ ಜನ ಆರಿಸಿದ ಸಮಿತಿ ಹಣವನ್ನು ಹೇಗೆ ಬಳಸಬೇಕೆಂದು ಊರಿನವರೊಂದಿಗೆ ಕೂತು ತೀರ್ಮಾನಿಸುತ್ತದೆ. ಕುಡಿಯುವ ನೀರು ಬಂತು, ಶಾಲೆಗೆ ಪುಸ್ತಕ ಬಂತು. ಮುಂದೆ ವಾಂಗಾದಲ್ಲಿ ಇದೇ ಮಾದರಿಯ, ಇದಕ್ಕಿಂತ ದೊಡ್ಡ ಯೋಜನೆ ಹುಟ್ಟಿತು.

ನಾನು ಇದನ್ನು ಮೆಚ್ಚುವುದು ಮೊತ್ತಕ್ಕಲ್ಲ. ಮೊತ್ತ ಸಣ್ಣದೇ. ನಿರ್ಧಾರ ಹಳ್ಳಿಯಲ್ಲಿದೆ, ಲೆಕ್ಕ ಹಳ್ಳಿಯ ಮುಂದಿದೆ, ಅದಕ್ಕಾಗಿ. ಸಮುದಾಯಕ್ಕೆ ಎಷ್ಟು ಶೇಕಡಾ ಎಂದು ಮಾತ್ರ ಕೇಳಿ ಸುಮ್ಮನಾಗಬೇಡಿ. ಯಾವುದರ ಶೇಕಡಾ ಎಂದೂ ಕೇಳಿ. ಕ್ರೆಡಿಟ್ ಮಾರಾಟದ ಪೂರ್ತಿ ಮೊತ್ತದ್ದೋ, ಅಭಿವೃದ್ಧಿಗಾರರ, ಪರಿಶೀಲಕರ, ದಲ್ಲಾಳಿಗಳ ಖರ್ಚು ಕಳೆದು ಉಳಿದದ್ದರದ್ದೋ? ಎರಡನೆಯದಾದರೆ ಪಾಲು ಕಾಗದದ ಮೇಲೆ ದೊಡ್ಡದಾಗಿದ್ದು ಕೈಗೆ ಬರುವಾಗ ಕರಗಿರಬಹುದು.

ಕಾರ್ಬನ್ ಕ್ರೆಡಿಟ್ ಹೇಗೆ ಹುಟ್ಟುತ್ತದೆ?

ಯೋಜನೆ ಇಲ್ಲದಿದ್ದರೆ ಆ ಜಾಗದಲ್ಲಿ ಎಷ್ಟು ಕಾರ್ಬನ್ ಇರುತ್ತಿತ್ತು ಎಂದು ಅಂದಾಜು ಮಾಡುತ್ತಾರೆ. ಯೋಜನೆಯಿಂದ ಎಷ್ಟಾಯಿತು ಎಂದು ಅಳೆಯುತ್ತಾರೆ. ವ್ಯತ್ಯಾಸವನ್ನು ಇಂಗಾಲದ ಡೈಆಕ್ಸೈಡ್‌ನ ಲೆಕ್ಕಕ್ಕೆ ತಂದು, ಅದರ ಪ್ರತಿ ಟನ್ನಿಗೆ ಒಂದು ಕ್ರೆಡಿಟ್. ಮರದ ಸುತ್ತಳತೆ, ಎತ್ತರದ ಜೊತೆಗೆ ಕೆಸರಿನ ಮಾದರಿಗಳನ್ನು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಉಬ್ಬರದ ಜೌಗುಗಳನ್ನು ಮರಳಿ ಕಟ್ಟುವುದಕ್ಕೆ, ಕ್ರೆಡಿಟ್‌ಗಳಿಗೆ ಮಾನದಂಡ ರೂಪಿಸುವ ವೆರಾ ಸಂಸ್ಥೆ 2015ರಲ್ಲಿ ಪ್ರತ್ಯೇಕ ವಿಧಾನವನ್ನೇ ಪ್ರಕಟಿಸಿತು. ಕೊಲಂಬಿಯಾದ ಸಿಸ್ಪಾಟ ಕೊಲ್ಲಿಯಲ್ಲಿ ಆ್ಯಪಲ್ ಕಂಪನಿ ಮತ್ತು ಪರಿಸರ ಸಂಸ್ಥೆ ಕನ್ಸರ್ವೇಶನ್ ಇಂಟರ್‌ನ್ಯಾಷನಲ್ 2018ರಲ್ಲಿ ಕೈಜೋಡಿಸಿದ ಸುಮಾರು 11,000 ಹೆಕ್ಟೇರಿನ ಯೋಜನೆ ಗಮನ ಸೆಳೆದದ್ದು ಮರದ ಜೊತೆ ಕೆಸರಿನ ಕಾರ್ಬನ್ನನ್ನೂ ಲೆಕ್ಕಕ್ಕೆ ತಂದದ್ದಕ್ಕೆ.

ದುರ್ಬಲ ಕೊಂಡಿ ಆ ಮೊದಲ ಅಂದಾಜು. 'ನಾವಿಲ್ಲದಿದ್ದರೆ ಎಲ್ಲ ಕಡಿದುಹೋಗುತ್ತಿತ್ತು' ಎಂದು ಹೆಚ್ಚು ಹೇಳಿದಷ್ಟೂ ಹೆಚ್ಚು ಕ್ರೆಡಿಟ್ ಹುಟ್ಟುತ್ತದೆ. ಅದಕ್ಕೇ ಆ ಅಂದಾಜನ್ನು ಯೋಜನೆಯಿಂದ ಲಾಭವಿಲ್ಲದವರು ಪರಿಶೀಲಿಸಬೇಕು. ಚಂಡಮಾರುತ ಬಂದು ಕಾಡು ನಾಶವಾದರೆ ಎಂಬ ಪ್ರಶ್ನೆಗೆ ಉತ್ತರವಾಗಿ, ಹುಟ್ಟಿದ ಕ್ರೆಡಿಟ್‌ಗಳಲ್ಲಿ ಒಂದು ಭಾಗವನ್ನು ಮಾರದೆ ಮೀಸಲು ನಿಧಿಯಲ್ಲಿ ಇಡುತ್ತಾರೆ.

ಕಾಂಡ್ಲಾ ಬೆಳೆಸಿದ ಕಂಪನಿ ತನ್ನನ್ನು ಕಾರ್ಬನ್ ತಟಸ್ಥ (ಹೊರಸೂಸಿದಷ್ಟನ್ನೂ ಸರಿದೂಗಿಸಿದ್ದು) ಎಂದು ಕರೆದುಕೊಳ್ಳಬಹುದೇ?

ನನ್ನ ಅಭಿಪ್ರಾಯದಲ್ಲಿ ಬೇಡ, ಕಾನೂನುಗಳೂ ಆ ಕಡೆಗೇ ವಾಲುತ್ತಿವೆ. ಕ್ರೆಡಿಟ್ ಕೊಂಡ ಆಧಾರದ ಮೇಲೆ ಉತ್ಪನ್ನವೊಂದನ್ನು ಹವಾಮಾನಕ್ಕೆ ತಟಸ್ಥ ಎಂದು ಗ್ರಾಹಕರಿಗೆ ಮಾರುವುದನ್ನು ಐರೋಪ್ಯ ಒಕ್ಕೂಟ 2024ರ ನಿರ್ದೇಶನದಲ್ಲಿ ನಿಷೇಧಿಸಿದೆ. ಅದು 2026ರ ಸೆಪ್ಟೆಂಬರ್ 27ರಿಂದ ಅನ್ವಯ. ಕಂಪನಿಗಳ ಹವಾಮಾನ ಗುರಿಗಳನ್ನು ಪರಿಶೀಲಿಸುವ ವಿಜ್ಞಾನಾಧಾರಿತ ಗುರಿಗಳ ಸಂಸ್ಥೆ (ಎಸ್‌ಬಿಟಿಐ) 2021ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ಕಂಪನಿಗಳು ದೀರ್ಘಾವಧಿಯಲ್ಲಿ ತಮ್ಮದೇ ಹೊರಸೂಸುವಿಕೆಯನ್ನು ಸಾಮಾನ್ಯವಾಗಿ ಶೇಕಡಾ 90ರಷ್ಟು ಇಳಿಸಬೇಕು. ಕೊಂಡ ಕ್ರೆಡಿಟ್ ಆ ಇಳಿಕೆಗೆ ಬದಲಿಯಾಗದು.

ಚಿಮಣಿಯಿಂದ ಹೊರಟ ಇಂಗಾಲ ನೂರಾರು ವರ್ಷ ಗಾಳಿಯಲ್ಲಿರುತ್ತದೆ. ಕಾಡಿನ ಇಂಗಾಲ ಆ ಕಾಡು ನಿಂತಿರುವವರೆಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ತನ್ನ ಹೊಗೆಯನ್ನು ಇಳಿಸುತ್ತಲೇ, ಅದರ ಜೊತೆಗೆ ಕಾಂಡ್ಲಾಕ್ಕೂ ಹಣ ಕೊಡುತ್ತಿದ್ದೇವೆ ಎಂದು ಕಂಪನಿಯೊಂದು ಹೇಳಿದರೆ ಅದು ಗೌರವದ ಮಾತು. ಅಷ್ಟನ್ನೇ ಹೇಳಲಿ.

ಒಣನೆಲದ ಕಾಡಿಗೂ ಇದೇ ಮಾತು ಅನ್ವಯಿಸುತ್ತದೆಯೇ?

ಬಹುತೇಕ. ಹಿಮಾಚಲ ಪ್ರದೇಶದ ಕಾಂಗ್ರಾ ಜಿಲ್ಲೆಯಲ್ಲಿ ದಶಕಗಳ ಕಾಲ ನಡೆದ ನೆಡುವಿಕೆಯನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಅರಣ್ಯದ ಹೊದಿಕೆಯಲ್ಲಿ ಹೇಳಿಕೊಳ್ಳುವಂಥ ಹೆಚ್ಚಳ ಕಾಣಲಿಲ್ಲ. ಜನರಿಗೆ ಮೇವು, ಸೌದೆ ಕೊಡುತ್ತಿದ್ದ ಅಗಲ ಎಲೆಯ ಮರಗಳ ಪಾಲು ಮಾತ್ರ ಕುಗ್ಗಿತ್ತು. ಕಾಡನ್ನು ಮರಳಿ ತರುವ ಜಾಗತಿಕ ಪ್ರಯತ್ನವಾದ ಬಾನ್ ಸವಾಲಿನಡಿ ದೇಶಗಳು ಕೊಟ್ಟ ಭರವಸೆಗಳಲ್ಲಿ ಶೇಕಡಾ 45ರಷ್ಟು ಒಂದೇ ಜಾತಿಯ ವಾಣಿಜ್ಯ ನೆಡುತೋಪುಗಳೆಂದು 2019ರ ವಿಶ್ಲೇಷಣೆಯೊಂದು ತೋರಿಸಿತು. ಕೆಲವೇ ವರ್ಷಗಳಲ್ಲಿ ಕಟಾವಿಗೆ ಬರುವ ತೋಪು ಕಾಡಾಗುವುದಿಲ್ಲ.

ಇದಕ್ಕೆ ಎದುರಾಗಿ ನೈಜರ್ ದೇಶವನ್ನು ನೋಡಿ. ಮರಡಿ ಪ್ರದೇಶದಲ್ಲಿ 1980ರ ದಶಕದಲ್ಲಿ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯಾದ ಕೃಷಿ ತಜ್ಞರು, ನೆಟ್ಟ ಸಸಿಗಳು ಸಾಯುತ್ತಿದ್ದಾಗ, ಹೊಲದಲ್ಲಿದ್ದ ಬೊಡ್ಡೆಗಳು ಜೀವಂತವಾಗಿವೆ ಎಂಬುದನ್ನು ಗಮನಿಸಿದರು. ರೈತರು ಆ ಚಿಗುರುಗಳನ್ನು ಕಾಯ್ದರು, ಸವರಿದರು. ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರ ಮರಳಿತು. ಅದುವರೆಗೆ ಹೊಲದ ಮರವೂ ಸರ್ಕಾರದ್ದು ಎಂಬ ನಿಯಮವಿತ್ತು. ಮರ ತನ್ನದು ಎಂದು ರೈತನಿಗೆ ಅನ್ನಿಸಿದ ಮೇಲೆಯೇ ಇದು ಹಬ್ಬಿತು. ಬ್ರೆಜಿಲ್‌ನ ಶಿಂಗು ಬೀಜ ಜಾಲವೂ ಇಲ್ಲಿ ನೆನಪಾಗುತ್ತದೆ. 2007ರಿಂದ ಅಲ್ಲಿ ಮೂಲನಿವಾಸಿಗಳು ಮತ್ತು ಸಣ್ಣ ರೈತರು, ಅವರಲ್ಲೂ ಹೆಚ್ಚಾಗಿ ಮಹಿಳೆಯರು, ಸ್ಥಳೀಯ ಜಾತಿಗಳ ಬೀಜ ಆಯ್ದು ಮಾರುತ್ತಾರೆ. ಕಾಡು ಬೆಳೆಸುವವರು ಅವರಿಂದ ಕೊಳ್ಳುತ್ತಾರೆ. ಜ್ಞಾನಕ್ಕೆ ಬೆಲೆ ಸಿಗುವುದು ಎಂದರೆ ಹೀಗೆ.

ಸಮುದ್ರಮಟ್ಟ ಏರುತ್ತಿರುವಾಗ ಇದೆಲ್ಲ ವ್ಯರ್ಥವಲ್ಲವೇ?

ವ್ಯರ್ಥವಲ್ಲ, ಆದರೆ ಮಿತಿಯಿದೆ. ಕಾಂಡ್ಲಾ ಹೂಳನ್ನು ಹಿಡಿದು ತನ್ನ ನೆಲವನ್ನು ತಾನೇ ಎತ್ತರಿಸಿಕೊಳ್ಳುತ್ತದೆ. ಸಮುದ್ರ ವರ್ಷಕ್ಕೆ 6 ಮಿಲಿಮೀಟರಿಗಿಂತ ವೇಗವಾಗಿ ಏರಿದರೆ ಅದಕ್ಕೆ ಸರಿಸಾಟಿಯಾಗಲು ಸಾಧ್ಯವಾಗದು ಎಂದು 2020ರ ಅಧ್ಯಯನವೊಂದು ಹೇಳುತ್ತದೆ. ಆಗ ಕಾಡು ಒಳನಾಡಿನ ಕಡೆಗೆ ಸರಿಯಬೇಕು, ಅಲ್ಲಿ ಗೋಡೆಯೋ ರಸ್ತೆಯೋ ಇದ್ದರೆ ನಡುವೆ ಸಿಕ್ಕಿ ಸಾಯುತ್ತದೆ. ಹಾಗಾಗಿ ಕಾಡಿನ ಹಿಂದೆ ಜಾಗ ಬಿಡುವುದು ಯೋಜನೆಯ ಭಾಗವಾಗಿರಬೇಕು.

ಜಾವಾದ ದೆಮಾಕ್ ಕರಾವಳಿಯಲ್ಲಿ ಬಿದಿರು ಮತ್ತು ಕುರುಚಲು ಕಟ್ಟಿಗೆಯ ತಡೆಗಳನ್ನು ಸಮುದ್ರದಲ್ಲಿ ನಿಲ್ಲಿಸಿ ಹೂಳು ಹಿಡಿಯುವ ಒಳ್ಳೆಯ ಪ್ರಯತ್ನ ನಡೆಯಿತು. ಹೂಳು ಕೂಡಿತು, ಕಾಂಡ್ಲಾ ಮೊಳೆಯಿತು. ಆದರೆ ಅಂತರ್ಜಲ ಎತ್ತುವುದರಿಂದ ಆ ಕರಾವಳಿಯ ನೆಲವೇ ಕುಸಿಯುತ್ತಿದೆ, ಗಳಿಸಿದ್ದರಲ್ಲಿ ಒಂದಿಷ್ಟನ್ನು ಅದು ಕಿತ್ತುಕೊಂಡಿತು. ಅಂತರ್ಜಲದ ಬಗ್ಗೆ ಮಾತನಾಡದೆ ಅಲ್ಲಿ ಕಾಂಡ್ಲಾದ ಬಗ್ಗೆ ಮಾತನಾಡಲಾಗದು. ನಿಮ್ಮ ಕಂಪನಿಯೇ ಆ ನೀರನ್ನು ಎತ್ತುತ್ತಿದ್ದರೆ ಕೆಲಸ ಅಲ್ಲಿಂದಲೇ ಶುರುವಾಗಲಿ.

ಎಷ್ಟು ವರ್ಷದ ಬದ್ಧತೆ ಬೇಕು?

ಕನಿಷ್ಠ ಐದು ವರ್ಷ ಅಳತೆ ಮತ್ತು ತಿದ್ದುಪಡಿ, ಕಾರ್ಬನ್ ಮಾರುವುದಾದರೆ ಹಲವು ದಶಕ. ಒಂದು ಹಣಕಾಸು ವರ್ಷದಲ್ಲಿ ಮುಗಿಸುವ ಯೋಜನೆಯಾದರೆ ಕೈಹಾಕದಿರುವುದೇ ಲೇಸು.

ಕಂಪನಿಯೊಂದು ನಮ್ಮ ಊರಿಗೆ ಬಂದರೆ ನಾವು ಏನು ಕೇಳಬೇಕು?

ಮೊದಲು ಒಪ್ಪಂದದ ಪೂರ್ತಿ ಪ್ರತಿಯನ್ನು ನಿಮ್ಮ ಭಾಷೆಯಲ್ಲಿ ಕೇಳಿ, ಸಾರಾಂಶ ಸಾಲದು. ಕ್ರೆಡಿಟ್ ಯಾರ ಹೆಸರಿನಲ್ಲಿ ನೋಂದಣಿಯಾಗುತ್ತದೆ, ಯಾರಿಗೆ ಮಾರಾಟವಾಗುತ್ತದೆ, ಯಾವ ಬೆಲೆಗೆ ಎಂದು ಪ್ರತಿ ವರ್ಷ ತಿಳಿಸುವ ಷರತ್ತು ಅದರಲ್ಲಿದೆಯೇ ನೋಡಿ. ಎಲ್ಲಿ ಮೀನು ಹಿಡಿಯಬಹುದು, ಎಲ್ಲಿ ಚಿಪ್ಪು ಆಯಬಹುದು, ಎಲ್ಲಿ ದೋಣಿ ಕಟ್ಟಬಹುದು ಎಂಬುದನ್ನು ನಕ್ಷೆಯ ಮೇಲೆ ನೀವೇ ಗುರುತಿಸಿ, ಆ ನಕ್ಷೆ ಒಪ್ಪಂದಕ್ಕೆ ಅಂಟಿಕೊಂಡಿರಲಿ. ಸಸಿ ಸತ್ತರೆ ನಷ್ಟ ಯಾರದು? ಕಂಪನಿ ಮಾರಾಟವಾದರೆ ಅಥವಾ ಹೊರಟುಹೋದರೆ ಹೊಣೆ ಯಾರದು? ಒಪ್ಪಂದದಿಂದ ಹೊರಬರಲು ಊರಿಗೆ ದಾರಿ ಯಾವುದು? ದೂರು ಕೊಡುವುದಾದರೆ ಯಾರಿಗೆ, ಎಷ್ಟು ದಿನದೊಳಗೆ ಉತ್ತರ? ಆ ಉತ್ತರ ಕೊಡುವವರು ಯೋಜನೆಯ ಸಂಬಳದ ಪಟ್ಟಿಯಲ್ಲಿ ಇರಬಾರದು.

ಸಹಿ ಹಾಕುವ ಮುನ್ನ, ಅದೇ ಕಂಪನಿ ಅಥವಾ ಅದೇ ಸಂಸ್ಥೆ ಹಿಂದೆ ಕೆಲಸ ಮಾಡಿದ ಇನ್ನೊಂದು ಊರಿನವರನ್ನು ಭೇಟಿಯಾಗಬೇಕೆಂದು ಕೇಳಿ. ಆ ಪ್ರಯಾಣದ ಖರ್ಚು ಯೋಜನೆಯದೇ ಆಗಿರಲಿ. ಯಾವ ಊರಿಗೆ ಹೋಗಬೇಕು, ಅಲ್ಲಿ ಯಾರನ್ನು ಮಾತನಾಡಿಸಬೇಕು ಎಂಬುದನ್ನು ಮಾತ್ರ ನೀವೇ ಆರಿಸಿಕೊಳ್ಳಿ.